ಬಾರದವನೇ ಅಧ್ಯಕ್ಷ

ಡನ್‌ಮೂರು ಎಂಬ ಪುಟ್ಟ ಊರಿನಲ್ಲಿ ಯಾವ ಸಂಘಕ್ಕೇ ಆಗಲಿ ಅಧ್ಯಕ್ಷನನ್ನು ಆರಿಸುವ ಕ್ರಮ ಬಹಳ ಸರಳ. ವಾರ್ಷಿಕ ಸಭೆಗೆ ಬಾರದವರಲ್ಲಿ ಒಬ್ಬರ ಹೆಸರು ಸೂಚಿಸುವುದು, ಚಪ್ಪಾಳೆ ತಟ್ಟುವುದು, ಕಾಫಿ ಕುಡಿದು ಮನೆಗೆ ಹೋಗುವುದು. ಬೇಡವೆನ್ನಲು ಆ ಪುಣ್ಯಾತ್ಮ ಅಲ್ಲಿದ್ದರೆ ತಾನೆ?

ಟ್ರ್ಯಾಕ್ಟರ್ ರಿಪೇರಿಯ ಓರೆಸ್ಟ್ ಹ್ರಿಂಚುಕ್ ಎಂಟು ವರ್ಷದ ಹಿಂದೆ ಹಲ್ಲುನೋವೆಂದು ಮನೆಯಲ್ಲಿ ಮಲಗಿ ಜೂನಿಯರ್ ಐಸ್ ಹಾಕಿ ಸಂಘದ ಅಧ್ಯಕ್ಷನಾದವನು. ಅಂದಿನಿಂದ ಪರವೂರಿನ ಆಟಗಾರರಿಗೆ ಉಳಿಯಲು ಮನೆ ಹುಡುಕುವುದು, ಹಿಮದಲ್ಲಿ ಹೂತ ಬಸ್ಸು ತಳ್ಳುವುದು, ಮಗನನ್ನು ಆಡಿಸಲಿಲ್ಲವೆಂದು ಬರುವ ತಾಯಂದಿರಿಂದ ಮಂಗಳಾರತಿ ಮಾಡಿಸಿಕೊಳ್ಳುವುದು. ಅವನ ಸ್ವಂತ ಮಗಳು ಆಟ ಬಿಟ್ಟು ಮದುವೆಯಾಗಿಯೇ ಎರಡು ವರ್ಷವಾಗಿತ್ತು. ಈ ಸಲ ರಾಜೀನಾಮೆ ಬರೆದು ಕೊಟ್ಟಿದ್ದ. ಬೇಸಿಗೆಯಿಡೀ ಹೆಂಡತಿ ಲೊರೇನ್ ಜೊತೆ ಸರೋವರದಲ್ಲಿ ಮೀನು ಹಿಡಿಯಬೇಕು, ಚಳಿಗಾಲವಿಡೀ ಬೆಚ್ಚಗೆ ಮನೆಯಲ್ಲಿರಬೇಕು. ಇಷ್ಟೇ ಅವನ ಆಸೆ.

ಏಪ್ರಿಲ್‌ನ ಆ ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲಿನ ಎರಡು ಚೀಟಿ ನೋಡಿ ಅವನ ಎದೆ ಧಸಕ್ಕೆಂದಿತು. ಚಳಿಗಾಲದ ಹಾಕಿಯ ಸಭೆ ಮಧ್ಯಾಹ್ನ ಎರಡಕ್ಕೆ, ಮಂಜುಗಡ್ಡೆಯ ಆಟದಂಗಳವಾದ ರಿಂಕಿನ ಮಹಡಿಯಲ್ಲಿ. ಬೇಸಿಗೆಯಲ್ಲಿ ನಡೆಯುವ ಮಕ್ಕಳ ಬೇಸ್‌ಬಾಲ್‌ನ ಸಭೆಯೂ ಎರಡಕ್ಕೇ, ಚರ್ಚಿನ ನೆಲಮಾಳಿಗೆಯಲ್ಲಿ. ಪೆಟ್ರೋಲ್ ಹಾಕುವವನು, ಹಾಕಿ ನಿನ್ನನ್ನು ಬಿಡುವ ಹಾಗೆ ಕಾಣೆ, ಎಂದು ನಕ್ಕ. ಪೂಜೆ ಮುಗಿಸಿ ಬಂದ ಪಾದ್ರಿಗಳು, ನಿನಗೆ ಬೇಸ್‌ಬಾಲ್ ಗೊತ್ತಲ್ಲವೇ, ಎಂದು ವಿಚಾರಿಸಿಕೊಂಡರು. ಎಲ್ಲಿಗೆ ಹೋಗದಿದ್ದರೆ ಅಲ್ಲಿ ಸಿಕ್ಕಿಬಿದ್ದಂತೆಯೇ ಲೆಕ್ಕ. ಅತ್ತ ದರಿ, ಇತ್ತ ಪುಲಿ.

"ನೀನು ಬೇಸ್‌ಬಾಲಿಗೆ ಹೋಗು, ಹಾಕಿ ನಾನು ನೋಡ್ಕೋತೀನಿ," ಎಂದಳು ಲೊರೇನ್. "ಏನೋ ಒಂದು ಹೇಳಿ ತಪ್ಪಿಸ್ತೀನಿ."

ನೆಲಮಾಳಿಗೆಯಲ್ಲಿ ಕಾರ್ಯದರ್ಶಿ ಮ್ಯಾವಿಸ್ ಕೂತಿದ್ದರು. ಓರೆಸ್ಟನಿಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸಿದ ಟೀಚರ್. ಅವನನ್ನು ಕಂಡದ್ದೇ ಅವರ ಮುಖ ಅರಳಿತು. ಮನೆಯಲ್ಲಿ ಆಡುವ ಮಕ್ಕಳಿಲ್ಲದಿದ್ದರೂ ಸಭೆಗೆ ತಾನಾಗಿ ಬಂದವನಿಗಿಂತ ಆಸಕ್ತಿ ಇನ್ಯಾರಿಗಿದೆ ಎಂದು ಅವನ ಹೆಸರನ್ನೇ ಸೂಚಿಸಿದರು. ಸುತ್ತಲೂ ಕೈಗಳು ಚಪ್ಪಾಳೆಗೆ ಸಿದ್ಧವಾದವು.

"ಆಗಲ್ಲ ಟೀಚರ್," ಎಂದ ಓರೆಸ್ಟ್, ಬೆವರುತ್ತ. "ಹಾಕಿ ಈ ವರ್ಷಾನೂ ನಾನೇ ಅಂತ ಒಪ್ಕೊಂಡಿದೀನಿ."

ಪಾಪ ಅನ್ನಿಸಿತೋ ಏನೋ, ಸಭೆ ಅವನನ್ನು ಬಿಟ್ಟುಬಿಟ್ಟಿತು. ಕಾಫಿ ಕುಡಿದು, ಎರಡು ಡೋನಟ್ ತಿಂದು, ಬೇರೆ ಯಾವ ಬಡಪಾಯಿಯ ಹೆಸರು ಬರುತ್ತದೆಂದೂ ಕಾಯದೆ ಅವನು ಹೊರಗೆ ಬಂದ. ಇಷ್ಟು ಹಗುರಾಗಿ ಅವನು ನಡೆದು ಎಂಟು ವರ್ಷವಾಗಿತ್ತು.

ಲೊರೇನ್ ಟ್ರಕ್ಕಿನಲ್ಲಿ ಕಾಯುತ್ತಿದ್ದಳು. ಅವಳೂ ಗೆದ್ದು ಬಂದಿದ್ದಳು.

"ನಿನ್ನ ಹೆಸರೇ ಹೇಳಿದ್ರು. ಅವನು ಬೇಸ್‌ಬಾಲ್ ಒಪ್ಕೊಂಡಾಯ್ತು ಅಂದೆ, ಎಲ್ರೂ ಗಪ್‌ಚುಪ್!"

ಓರೆಸ್ಟ್ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮ್ಯಾವಿಸ್. ಅಧ್ಯಕ್ಷ ಸಿಕ್ಕಿದ್ದಕ್ಕೆ ಅಭಿನಂದನೆ ಹೇಳೋಣವೆಂದು ಹಾಕಿಯವರಿಗೆ ಫೋನ್ ಮಾಡಿದರಂತೆ. ಅವರೂ ಅದೇ ಕಾರಣಕ್ಕೆ ಇವರಿಗೆ ಮಾಡುತ್ತಿದ್ದರಂತೆ.

"ಮೊದಲು ಒಂಚೂರು ಗಲಿಬಿಲಿ ಆಯ್ತಪ್ಪ," ಎಂದರು ಟೀಚರ್. "ಆದ್ರೆ ನೀವು ಗಂಡ ಹೆಂಡ್ತಿ ಯಾವತ್ತೂ ಸುಳ್ಳು ಹೇಳೋರಲ್ಲ. ಅದಕ್ಕೇ ಎರಡೂ ನಿನ್ನ ಹೆಸರಿಗೇ ಬರ್ಕೊಂಡ್ವಿ."

ಪಾರಾಗಬೇಕಾದರೆ ಇಬ್ಬರೂ ಸುಳ್ಳುಗಾರರೆಂದು ತಾನೇ ಒಪ್ಪಿಕೊಳ್ಳಬೇಕಿತ್ತು, ಅದೂ ಒಂದನೇ ಕ್ಲಾಸಿನ ಟೀಚರ್ ಮುಂದೆ. ಓರೆಸ್ಟ್ ಹೆಂಡತಿಯ ಮುಖ ನೋಡಿದ.

"ಥ್ಯಾಂಕ್ಸ್ ಟೀಚರ್," ಎಂದ.