ಶ್ರಾವಣದಲ್ಲಿ ಗಾಂಜಾ ಬಿಡುವವ

ಆಗಸ್ಟ್ ಹದಿನೇಳು, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಬೆಳಗಾವಿಯ ಶಿವಬಸವ ನಗರದ ನನ್ನ ಮನೆಯಲ್ಲಿ ಹಾಜರಿದ್ದವರು ಮೂವರು: ನಿವೃತ್ತ ಹಾಸ್ಟೆಲ್ ವಾರ್ಡನ್ ಆದ ನಾನು, ಖಾನಾಪುರದಲ್ಲಿ ಟೇಲರ್ ಆಗಿರುವ ನನ್ನ ತಮ್ಮ, ಅವನ ಹೆಂಡತಿ.

ಗಾಂಜಾ ಬಿಡುವುದರಲ್ಲಿ ನನ್ನ ತಮ್ಮನನ್ನು ಮೀರಿಸುವವರು ಈ ಎರಡೂ ಊರಲ್ಲಿಲ್ಲ. ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ಬಿಟ್ಟಿದ್ದಾನೆ! ಶ್ರಾವಣದ ಮೊದಲ ದಿನ ಬಿಟ್ಟರೆ ಅಮಾವಾಸ್ಯೆ ಕಳೆಯುವವರೆಗೆ ಮುಟ್ಟುವುದಿಲ್ಲ. “ಚಟ ಇದ್ದಾವ ತಿಂಗಳಗಟ್ಟಲೆ ಬಿಡ್ತಾನೇನ ಅಕ್ಕಾ?” ಎಂದು ನನ್ನನ್ನೇ ಕೇಳುತ್ತಿದ್ದ. ಮೂವತ್ತು ವರ್ಷ ಹುಡುಗಿಯರ ಹಾಜರಿ ತೆಗೆದುಕೊಂಡವಳು ನಾನು. ವೇಳಾಪಟ್ಟಿಯ ಪ್ರಕಾರ ನಡೆಯುವ ಮನುಷ್ಯ ಗಾಂಜಾ ಸೇದಿದರೂ ಒಳಗೊಳಗೇ ಗೌರವ.

ಉಳಿದ ಹನ್ನೊಂದು ತಿಂಗಳ ಕಥೆ ಬೇರೆ. ಒಮ್ಮೆ ನನಗೆ ಎರಡು ಕುಬಸ ಹೊಲಿದುಕೊಟ್ಟ. ಒಂದಕ್ಕೆ ಎರಡೂ ಎಡಗೈ ತೋಳು. “ಬಲಗೈದು ಎಲ್ಲೋ?” ಎಂದೆ. “ಇನ್ನೊಂದು ಕುಬಸ ನೋಡ, ಅದರಾಗ ಎರಡೂ ಅದಾವ,” ಎಂದ. ನಾವು ನಕ್ಕಿದ್ದೇ ನಕ್ಕಿದ್ದು. ಗಿರಾಕಿಗಳು ಮಾತ್ರ ನಗಲಿಲ್ಲ. ಒಬ್ಬೊಬ್ಬರಾಗಿ ಬಾಜು ಅಂಗಡಿಗೆ ಹೋದರು.

ಈ ಸಲ ಪಂಚಾಂಗ ಕೈಕೊಟ್ಟಿತು. ಅಧಿಕ ಮಾಸ ಬಂದು ಶ್ರಾವಣ ಎರಡಾದವು. ಅವನು ಮೊದಲನೆಯದರಲ್ಲೇ ಬಿಟ್ಟಿದ್ದ. ನಿನ್ನೆ ಅಮಾವಾಸ್ಯೆಗೆ ತಿಂಗಳು ಮುಗಿಯಿತು. ನಿಜ ಶ್ರಾವಣ ಇವತ್ತಿನಿಂದ ಶುರು ಎಂದು ಬೆಳಗಾಗುತ್ತಲೇ ಹೆಂಡತಿ ತಕರಾರು ತೆಗೆದಳಂತೆ. ತೀರ್ಪಿಗಾಗಿ ಇಬ್ಬರೂ ಬಸ್ ಹಿಡಿದು ಬಂದಿದ್ದರು.

“ಅಕ್ಕಾ, ಅಧಿಕ ಮಾಸ ಲೆಕ್ಕಕ್ಕ ಬರತೈತೋ ಇಲ್ಲೋ? ನೀನ ಹೇಳ.”

“ಹ್ವಾದ ವರ್ಷ ಶ್ರಾವಣ ಲಗೂ ಮುಗೀಲಿ ಅಂತ ಒಂದ ದಿನ ಎರಡು ಕ್ಯಾಲೆಂಡರ್ ಹಾಳಿ ಹರದೀರಿ. ಅದೂ ಲೆಕ್ಕಕ್ಕ ಬಂತೇನ್ರಿ?” ಎಂದಳು ಹೆಂಡತಿ.

ನಗುತ್ತಲೇ ಅವನ ಕಡೆ ನೋಡಿದೆ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಕಡ್ಡಿಯಂತಾಗಿತ್ತು. “ಉಣ್ತೀಯೋ ಇಲ್ಲೋ?” ಎಂದೆ.

“ಉಣ್ಣೂದಿಲ್ರಿ ಅಕ್ಕಾರ, ನಿದ್ದೀನೂ ಇಲ್ಲ. ಪ್ರತಿ ಶ್ರಾವಣಾನೂ ಹಿಂಗ. ಮಾತಾಡಿಸಿದ್ರ ಸಿಟ್ಟು, ಆಮ್ಯಾಲ ಅಳೂದು,” ಎಂದಳು ಅವಳೇ.

ಹನ್ನೆರಡು ಶ್ರಾವಣ ಎಣಿಸಿದ ನಾನು, ಆ ತಿಂಗಳು ಹೇಗೆ ಕಳೆಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

“ಅಕ್ಕಾ,” ಎಂದ ತಮ್ಮ, ಕತ್ತರಿ ಹಿಡಿದು ದಡ್ಡುಗಟ್ಟಿದ ಹೆಬ್ಬೆರಳು ನೋಡುತ್ತಾ. “ಒಂದ ತಿಂಗಳ ತಡಕೋತೀನಿ, ಮುಗೀತೈತಿ ಅಂತ ಗೊತ್ತಿರತೈತಿ. ಎರಡನೇದು ನನ್ನ ಕೈಲೆ ಆಗೂದಿಲ್ಲ. ಇದು ಚಟಾನ ಇರಬೇಕು.”

ಹತ್ತೂವರೆಗೆ ಡಾಕ್ಟರ ಬಳಿ ಕರೆದೊಯ್ದೆವು. ಎಷ್ಟು ದಿನ ಬಿಟ್ಟಿರಿ ಎಂದು ಅವರು ಕೇಳಲಿಲ್ಲ. ನಿದ್ದೆ ಹೇಗಿದೆ, ಅಂಗಡಿ ಹೇಗಿದೆ, ಹಾಳಾಗುತ್ತಿದೆ ಎಂದು ಗೊತ್ತಿದ್ದೂ ಪ್ರತಿ ವರ್ಷ ಮತ್ತೆ ಏಕೆ ಸೇದುತ್ತೀರಿ ಎಂದು ಕೇಳಿದರು. “ತಿಂಗಳ ಬಿಟ್ಟಿದ್ದು ಸಣ್ಣ ಮಾತಲ್ರಿ. ಆದ್ರ ಒಬ್ಬರ ಒದ್ದಾಡೂದು ಬ್ಯಾಡ, ವಾರಕ್ಕೊಮ್ಮೆ ಬರ್ರಿ,” ಎಂದರು.

ಮನೆಗೆ ಬಂದು ನಾಲ್ಕು ತುತ್ತು ಮೊಸರನ್ನ ಉಂಡ. “ನಡುವ ಮತ್ತ ಚಟಕ್ಕ ಬಿದ್ದರ ಏನ ಮಾಡ್ಲಿ ಅಕ್ಕಾ?” ಎಂದ. “ಬಿದ್ದರ ನನಗ ಫೋನ್ ಮಾಡ. ಬೈತೀನಿ, ಆದ್ರ ಬರ್ತೀನಿ,” ಎಂದೆ.

ನಾಲ್ಕು ಗಂಟೆಗೆ ನನ್ನ ಮಂಚದ ಮೇಲೆಯೇ ಅವನಿಗೆ ನಿದ್ದೆ ಹತ್ತಿತು. ಹಗಲು ಮಲಗುವುದು ನನ್ನ ಮನೆಯಲ್ಲಿ ನಿಷೇಧ. ಎದ್ದು, ಬಿಸಿಲು ಅವನ ಮುಖಕ್ಕೆ ಬೀಳದಂತೆ ಪರದೆ ಎಳೆದೆ. ಆ ದಿನ ಮತ್ತೇನೂ ಕೆಲಸ ಮಾಡಲಿಲ್ಲ.