ಬೆಳ್ಳಾರೆಯಲ್ಲಿ ನನಗೆ ಸಿಕ್ಕ ರಾಜೋಪಚಾರ

ಬಡ ರೋಗಿಗಳ ಡಯಾಲಿಸಿಸ್‌ಗೆ ನೆರವಾಗುವ ಪುತ್ತೂರಿನ ಸಣ್ಣ ಸಂಸ್ಥೆಯೊಂದಕ್ಕೆ ದೇಣಿಗೆ ಸಂಗ್ರಹಿಸುವುದು ನನ್ನ ಉದ್ಯೋಗ. ಎಂಥ ಜಿಪುಣನನ್ನೂ ಕರಗಿಸುವ ವಾಕ್ಚಾತುರ್ಯ ನನ್ನದೆಂದು ನಾನು ದೃಢವಾಗಿ ನಂಬಿದ್ದೆ. ನನ್ನ ಹೆಂಡತಿ ಶಶಿಕಲಾ ನಂಬಿರಲಿಲ್ಲ.

ಬೆಳ್ಳಾರೆಯ ಅಡಿಕೆ ವ್ಯಾಪಾರಿಯೊಬ್ಬರು ಹೊಸ ಡಯಾಲಿಸಿಸ್ ಯಂತ್ರದ ವಿಷಯ ಮಾತಾಡಲು ಭಾನುವಾರ ಮನೆಗೆ ಬರಹೇಳಿದ್ದರು. ಪೇಟೆ ದಾಟಿದ ಮೇಲೆ ನೀಲಿ ಗೇಟಿನ ಮನೆ.

"ಇನ್ನೊಮ್ಮೆ ಫೋನ್ ಮಾಡಿ ದಾರಿ ಕೇಳಿ ಮಾರಾಯ್ರೆ," ಎಂದಳು ಶಶಿಕಲಾ.

"ನೀಲಿ ಬಣ್ಣ ಗುರುತಿಸ್ಲಿಕ್ಕೆ ಫೋನ್ ಎಂತಕ್ಕೆ?" ಎಂದು ಬಸ್ಸು ಹತ್ತಿದೆ.

ನೀಲಿ ಗೇಟು ಸಿಕ್ಕಿತು. ನಾನು ಅದನ್ನು ಮುಟ್ಟುವ ಮೊದಲೇ ಮನೆಯ ಯಜಮಾನರು ಓಡಿ ಬಂದರು. "ಬನ್ನಿ, ಬನ್ನಿ! ನಿಮ್ಮನ್ನೇ ಕಾಯುದು!" ಕಾಲಿಗೆ ನೀರು, ಕುಡಿಯಲು ಎಳನೀರು, ತಟ್ಟೆ ತುಂಬ ಆಗಷ್ಟೇ ಎಣ್ಣೆಯಿಂದ ತೆಗೆದ ಬಾಳೆಕಾಯಿ ಪೋಡಿ! ನನ್ನ ಹೆಸರು ಬೆಳ್ಳಾರೆವರೆಗೂ ಹಬ್ಬಿದೆ ಎಂದುಕೊಂಡೆ.

ಪೋಡಿ ಮುಗಿಸಿ ಗಂಟಲು ಸರಿಮಾಡಿಕೊಂಡೆ. "ವಿಷಯ ನಿಮಗೆ ಗೊತ್ತೇ ಉಂಟು. ಇಷ್ಟೇ ಕೊಡಿ ಅಂತ ನಾವು ಬಾಯಿಬಿಟ್ಟು ಕೇಳುದಿಲ್ಲ."

ಯಜಮಾನರ ಮುಖ ಬಿಗಿಯಿತು. ಇದು ಜಿಪುಣತನದ ಲಕ್ಷಣ. ನಾನು ಬಿಡುವವನೇ?

"ನಿಮ್ಮ ಅಂತಸ್ತಿಗೆ ತಕ್ಕ ಹಾಗೆ ಕೊಟ್ಟರೆ ನಿಮಗೇ ಹೆಸರು. ಸವಣೂರಿನವರು ಒಟ್ಟಿಗೇ ಕೊಟ್ಟರು. ನೀವು ಕಂತಿನಲ್ಲಿ ಕೊಟ್ಟರೂ ಅಡ್ಡಿಯಿಲ್ಲ!"

ಯಜಮಾನರು ದಡಕ್ಕನೆ ಎದ್ದರು. "ಕಂತಿನಲ್ಲಿ ವರದಕ್ಷಿಣೆಯಾ? ಹುಡುಗಿಯನ್ನು ನೋಡುವ ಮೊದಲೇ ರೇಟಾ? ನಮಗೆ ಈ ಸಂಬಂಧವೇ ಬೇಡ!"

"ಅಯ್ಯೋ, ನಾನು ಕೇಳಿದ್ದು ಕಿಡ್ನಿಗೆ!"

"ಎಂತ! ಹುಡುಗನ ಕಿಡ್ನಿ ಸರಿ ಇಲ್ವಾ?" ಎಂದು ಒಳಗಿನಿಂದ ಮುದುಕಿಯೊಬ್ಬರು ಕೂಗಿದರು.

ಸೀರೆಯುಟ್ಟ ಹುಡುಗಿಯೇ ಹೊರಗೆ ಬಂದು, ನಾನು ಜೇಬಿನಿಂದ ತೆಗೆದು ಚಾಚಿದ ಸಂಸ್ಥೆಯ ಗುರುತಿನ ಚೀಟಿ ಓದಿದಳು. ಓದಿ, ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಮನೆಯಿಡೀ ನಗು! ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಅಸಲಿ ಗಂಡಿನ ಕಡೆಯವರು! ನಾನು ಹಿಂಬಾಗಿಲಿನಿಂದ ನಿರ್ಗಮಿಸಿದೆ.

ವ್ಯಾಪಾರಿಯ ನೀಲಿ ಗೇಟು ಮುಂದಿನ ತಿರುವಿನಲ್ಲಿತ್ತು. ಅವರೆದುರು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. "ನೀವು ಎಂತದೂ ಹೇಳುದು ಬೇಡ. ಯಂತ್ರ ನಾನು ಕೊಡ್ತೇನೆ," ಎಂದರು ಅವರು. ನನ್ನ ವೃತ್ತಿಜೀವನದ ಅತಿ ದೊಡ್ಡ ದೇಣಿಗೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಕ್ಕಿತು!

ಕಥೆ ಕೇಳಿ ಶಶಿಕಲಾ ನಕ್ಕು ನಕ್ಕು ಸುಸ್ತಾದಳು. "ಅಂದರೆ ನಿಮ್ಮನ್ನು ಮದುಮಗ ಅಂತ ತಿಳಿದರಾ?"

ನಾನು ಅಂಗಿ ಬಿಚ್ಚುವ ನೆಪದಲ್ಲಿ ಆಚೆ ತಿರುಗಿದೆ.

"ಇಲ್ಲ. ಮದುಮಗನ ಅಜ್ಜ ಅಂತ."