ಮಸಿ ಸುಡುವ ಭಾನುವಾರ

ಕೆಲಸದ ಜಾಗ ಮನೆಗೆ ಹತ್ತಿರವಿದ್ದರೆ ಅದಕ್ಕಿಂತ ದೊಡ್ಡ ಸುಖವಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿಕೊಂಡು ಬಂದವಳು. ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಎಷ್ಟು ಹತ್ತಿರವೆಂದರೆ, ಮನೆ ಬಾಗಿಲಲ್ಲಿ ಬಾಯಿಗೆ ಹಾಕಿಕೊಂಡ ಅಡಿಕೆ ಚೂರು ಸ್ಟಾಫ್ ರೂಮಿನಲ್ಲಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಅಷ್ಟು ದೂರಕ್ಕೆ ಕಾರು ಯಾಕೆ ಅಂತ ನೀವು ಕೇಳಬಹುದು. ನಮ್ಮನೆಯವರೂ ಕೇಳುತ್ತಾರೆ. ಬೇಸಿಗೆಯಲ್ಲಿ ಬಿಸಿಲಿನ ನೆಪ ಹೇಳುತ್ತೇನೆ, ಮಳೆಗಾಲದಲ್ಲಿ ಕೆಸರಿನದು, ಚಳಿಗಾಲದಲ್ಲಿ ಮಾತು ಬದಲಿಸುತ್ತೇನೆ. ನಡುವಯಸ್ಸಿನಲ್ಲಿ ಡ್ರೈವಿಂಗ್ ಕಲಿತವರ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಕಲಿತದ್ದನ್ನು ದಿನಕ್ಕೆರಡು ಸಲವಾದರೂ ಜನ ನೋಡಬೇಕು.

ಆದರೆ ಈ ಸುಖ ನನ್ನ ಕಾರಿಗೆ ಒಗ್ಗಲಿಲ್ಲ. ಅದು ಹಳೆಯ ಡೀಸೆಲ್ ಗಾಡಿ, ಇನ್ನೊಬ್ಬರ ಕೈಯಲ್ಲಿ ಊರೂರು ತಿರುಗಿ ಬಂದದ್ದು. ನಮ್ಮ ಮನೆಗೆ ಬಂದು ಆರಾಮಾಗಿತ್ತು. ಒಂದು ದಿನ ಸ್ಟಿಯರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿತು. ಡಬ್ಬಿಯೊಳಗೆ ಸಾಬೂದಾಣಿ ತುಂಬಿಟ್ಟಂಥ ಚಿತ್ರ. ನಮ್ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ, ಹಾಗಾಗಿ ಕಾರಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದೂ ಇಲ್ಲ. ಕನ್ನಡಕ ಏರಿಸಿ ನೋಡಿ, "ಕೆಂಪು ಅಲ್ಲಲ್ಲ, ಹಳದಿ ಅದ. ಏನೂ ಆಗಲ್ಲ ನಡಿ" ಎಂದರು. ನಡೆದೆ. ಕೆಲವು ದಿನ ಕಳೆದ ಮೇಲೆ ಶಾಲೆಯ ಮುಂದಿನ ಸಣ್ಣ ಏರಿನಲ್ಲಿ, ಜೋಳದ ಚೀಲ ಹೇರಿಕೊಂಡ ಸೈಕಲ್ ಸವಾರನೊಬ್ಬ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಅನ್ನುವಂಥ ಮುಖ ಮಾಡಿ ಹೋದ. ಅವತ್ತೇ ಸಂಜೆ ಗಾಡಿಯನ್ನು ಖಾಜಾಭಾಯಿಯ ಗ್ಯಾರೇಜಿಗೆ ಒಯ್ದೆ.

ಖಾಜಾಭಾಯಿ ಗಾಡಿಗಳ ಬಗ್ಗೆ ಮಾತಾಡುವಾಗ ಮನೆಯ ಹೆಣ್ಣುಮಕ್ಕಳ ಬಗ್ಗೆ ಮಾತಾಡುತ್ತಿದ್ದಾನೋ ಅನ್ನುವ ಅನುಮಾನ ಬರುತ್ತದೆ. "ಇದಕ್ಕ ಬ್ಯಾಸರ ಆಗ್ಯದರಿ ಮೇಡಂ" ಎಂದ. "ಹೊಗಿ ಹೋಗೋ ಕೊಳವಿ ಒಳಗ ಒಂದು ಜಾಲರಿ ಫಿಲ್ಟರ್ ಇರ್ತದ. ಮಸಿ ಎಲ್ಲಾ ಅದೇ ಹಿಡೀತದ. ಗಾಡಿ ದೂರ ದೌಡ ಹೊಡದ್ರ ಕೊಳವಿ ಕಾಯ್ದು, ಮಸಿ ತಾನೇ ಸುಟ್ಟು ಖಲಾಸ್. ನೀವು ಅದಕ್ಕ ಕಾಯಲಾಕ ಬಿಟ್ಟೇ ಇಲ್ರಿ." ಕೆಲವರು ಆ ಜಾಲರಿಯನ್ನೇ ಕೊಯ್ದು ತೆಗೆಸುತ್ತಾರಂತೆ. ಮಕ್ಕಳಿಗೆ ವಾಯುಮಾಲಿನ್ಯದ ಪಾಠ ಮಾಡಿ ಗೇಟಿನ ಹೊರಗೆ ಅವರ ಮುಖಕ್ಕೇ ಹೊಗೆ ಬಿಡುವುದು ನನ್ನಿಂದಾಗದು. ಹಾಗಾದರೆ ಔರಾದ ರಸ್ತೆಗೆ ಬಿಡಿ ಎಂದ ಖಾಜಾಭಾಯಿ, ಎಚ್ಚರಿಕೆಯನ್ನೂ ಕೊಟ್ಟ. "ಸುಡಲಾಕ ಶುರು ಆದ್ರ ಒಂದು ನಮೂನಿ ವಾಸನಿ ಬರ್ತದ. ಆಗ ಮಾತ್ರ ಯಾರ ಬಂದ್ರೂ ನಿಂದರಸಬ್ಯಾಡ್ರಿ. ನಡುವ ಬಂದ್ ಮಾಡಿದ್ರ ಇಡೀ ಡಬ್ಬಿ ಬಿಚ್ಚೋದು ಬರ್ತದ."

ಔರಾದ ಕಡೆ ಹೋಗಲು ಕಾರಣ ಸಿದ್ಧವಾಗಿತ್ತು. ಔರಾದಿನಾಚೆಯ ಡಾಬಕಾದಲ್ಲಿ ನನ್ನ ಮೈದುನ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಮಗಳು ಹೆರಿಗೆಗೆ ಬಂದಿದ್ದಳು, ಆ ಭಾನುವಾರವೇ ಕೂಸಿಗೆ ತೊಟ್ಟಿಲು. ನಮ್ಮನೆಯವರ ಅಕ್ಕ ಕಮಲಾಬಾಯಿ ಭಾಲ್ಕಿಯವರು. ನಮ್ಮ ಮನೆತನದಲ್ಲಿ ಯಾವ ಕೂಸು ಹುಟ್ಟಿದರೂ ಅದರ ಕಿವಿಯಲ್ಲಿ ಹೆಸರು ಹೇಳಬೇಕಾದವರು ಅವರೇ. ಅವರು ಬಾರದಿದ್ದರೆ ಕೂಸು ಹೆಸರಿಲ್ಲದೆ ಮಲಗಬೇಕಾಗುತ್ತದೆ. ಅಕ್ಕ ಮುಂಚಿತವಾಗಿ ಭಾಲ್ಕಿಯಿಂದ ಹೊರಟು ಜನವಾಡದ ಪರಿಚಯದವರ ಮನೆಯಲ್ಲಿ ಉಳಿದಿದ್ದರು. ದಾರಿಯಲ್ಲಿ ಅವರನ್ನು ಬಸ್ ನಿಲ್ದಾಣದ ಹತ್ತಿರ ಹತ್ತಿಸಿಕೊಳ್ಳುವುದು ಅಂತ ಮಾತಾಗಿತ್ತು.

ಬೀದರ ದಾಟಿದ್ದೇ ನಾನು ಗೇರು ಇಳಿಸಿ ಎಂಜಿನ್ನು ಕೂಗುವ ಹಾಗೆ ಓಡಿಸಿದೆ. ಜನವಾಡ ಇನ್ನೇನು ಬಂತು ಅನ್ನುವಾಗ ವಾಸನೆ ಬಂತು. ಯಾರೋ ಹಳೇ ಚಪ್ಪಲಿಯನ್ನು ಒಲೆಗೆ ಹಾಕಿದಂಥ ವಾಸನೆ. "ಸುಡಲಾಕತ್ತದರಿ!" ಅಂತ ನಾನು ಹಿಗ್ಗಿನಿಂದ ಕೂಗಿದೆ. "ಅಕ್ಕ ನಿಂತಾಳ!" ಅಂತ ಪಕ್ಕದ ಸೀಟಿನಲ್ಲಿದ್ದ ನಮ್ಮನೆಯವರು ಅದಕ್ಕಿಂತ ಜೋರಾಗಿ ಕೂಗಿದರು.

ನಿಂತಿದ್ದರು. ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ಕೂಸಿನ ತಲೆಗೆ ಕಟ್ಟಲು ತಾವೇ ಹೊಲಿದ ಕುಂಚಿಗೆಯ ಗಂಟು, ಮೇಲೆತ್ತಿದ ಕೈ, ಮುಖದ ತುಂಬ ನಗು. ಆ ನಗು ನನ್ನ ಕಿಟಕಿಯ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ಕನ್ನಡಿಯಲ್ಲಿ ನೋಡಿದೆ, ಕೈ ಇನ್ನೂ ಮೇಲೇ ಇತ್ತು.

"ನಿನಗ ತಲಿ ಕೆಟ್ಟದೇನ? ನಿಂದರಸು!"

"ಮಸಿ ಸುಟ್ಟು ಮುಗೀಲಿರಿ. ಕೌಠಾದ ತನಕ ಹೋಗಿ ತಿರುಗಿ ಬರೂಣು. ನೀವು ಫೋನ್ ಮಾಡಿ ಹೇಳ್ರಿ ಅಕ್ಕಾರಿಗಿ."

ಫೋನ್ ಮಾಡಿದರು. ಗಾಳಿಯ ಸದ್ದು, ಎಂಜಿನ್ನಿನ ಸದ್ದು, ಎರಡರ ಮೇಲೆ ಅವರ ಗಂಟಲು. "ಅಕ್ಕಾ, ಗಾಡಿ ಒಳಗ ಸುಡಲಾಕತ್ತದ! ಹಾಂ, ಸುಡಲಾಕತ್ತದ! ನಿಂದರಸಲಾಕ ಬರವಲ್ದು! ನೀ ಅಲ್ಲೇ ಇರು!" ಅಷ್ಟರಲ್ಲಿ ಫೋನ್ ಕಟ್ಟಾಯಿತು. "ತಿಳೀತಾಳ ಬಿಡು, ಅಕ್ಕ ಶಾಣೇಕಿ ಇದ್ದಾಳ" ಎಂದು ಅವರು ಸೀಟಿಗೆ ಒರಗಿದರು.

ಕೌಠಾ ಬರುವ ಹೊತ್ತಿಗೆ ವಾಸನೆ ನಿಂತು, ಸಾಬೂದಾಣಿ ಡಬ್ಬಿ ತಾನಾಗಿ ಆರಿಹೋಯಿತು. ಎಂಜಿನ್ನಿನ ಎದೆ ಬಿಚ್ಚಿದಂತಾಗಿತ್ತು. ಖುಷಿಯಿಂದ ಗಾಡಿ ತಿರುಗಿಸಿ ಹೊರಟೆ. ಜನವಾಡಕ್ಕೆ ಇನ್ನೂ ದಾರಿಯಿತ್ತು. ಎದುರಿನಿಂದ ಒಂದು ಟೆಂಪೊ ಹಾರ್ನ್ ಹೊಡೆಯುತ್ತ ಬಂತು. ಹಿಂದೆ ಜನ ನಿಂತಿದ್ದರು, ಕೈಯಲ್ಲಿ ಕೊಡ, ಬಕೆಟ್ಟು. ಅವರ ನಡುವೆ ಹಸಿರು ಇಳಕಲ್ ಸೀರೆ. ನಾನು ಬದಿಗೆ ಹಚ್ಚಿ ನಿಲ್ಲಿಸಿದೆ. ಏನು ಅಂತ ಕೇಳುವುದಕ್ಕೆ ಕಿಟಕಿ ಇಳಿಸಿದ್ದೇ ತಪ್ಪಾಯಿತು. ಮೊದಲನೆಯ ಕೊಡದ ನೀರು ಬಾನೆಟ್ಟಿನ ಮೇಲೆ ಬಿತ್ತು. ಎರಡನೆಯದು ನೇರ ನನ್ನ ಮೇಲೆ, ಮಡಿಲಲ್ಲಿದ್ದ ರೇಷ್ಮೆ ಸೆರಗಿನ ಸಮೇತ.

"ಸುಜಾತಾ, ಜೀವಂತ ಇದ್ದಿಯಲ್ಲ ನನ್ನವ್ವ!" ಅಂತ ಅಕ್ಕ ಬಾಗಿಲು ತೆಗೆದು ನನ್ನನ್ನು ಹೊರಗೆಳೆದು ತಬ್ಬಿಕೊಂಡರು. ತಮ್ಮನ ಮುಖ, ತೋಳು, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಟೆಂಪೊದವರು ಬಾನೆಟ್ಟು ತೆಗೆಸಿ ಬೆಂಕಿ ಹುಡುಕುತ್ತಿದ್ದರು. ಬೆಂಕಿ ಇಲ್ಲ, ಮಸಿ ಸುಟ್ಟದ್ದು ಅಷ್ಟೇ, ಅದೂ ನಮಗೆ ಬೇಕಾಗಿಯೇ, ಅಂತ ನಾನು ನೀರು ಸೋರಿಸುತ್ತ ವಿವರಿಸಿದೆ. ಒಬ್ಬರಿಗೂ ಅರ್ಥವಾಗಲಿಲ್ಲ. ಅಕ್ಕನಿಗೆ ಮಾತ್ರ ಅರ್ಥವಾಯಿತು. ತಬ್ಬಿಕೊಂಡಿದ್ದ ಕೈ ಬಿಟ್ಟರು.

"ಅಂದ್ರ, ನನಗ ನೋಡೇ ನೋಡಿದಿ?"

"ನೋಡಿದೆರಿ ಅಕ್ಕಾರ."

"ನೋಡಿ ಹೋದಿ?"

"ಹೂಂರಿ."

ಅಲ್ಲಿಂದ ಡಾಬಕಾದವರೆಗೆ ಗಾಡಿಯಲ್ಲಿ ಮೂವರಿದ್ದರೂ ಮಾತಾಡಿದ್ದು ಎಂಜಿನ್ನು ಮಾತ್ರ. ಅದು ಬಹಳ ಚೆನ್ನಾಗಿ ಮಾತಾಡುತ್ತಿತ್ತು, ಹೊಗಳಲು ಧೈರ್ಯವಾಗಲಿಲ್ಲ. ಅಕ್ಕ ಮುನಿಸಿಕೊಂಡರೆ ವರ್ಷಗಟ್ಟಲೆ ಮುನಿಯುವವರು. ತುಂಬಿದ ಮನೆಯಲ್ಲಿ ಏನು ಹೇಳಿಬಿಡುತ್ತಾರೋ ಅಂತ ಕನ್ನಡಿಯಲ್ಲಿ ಅವರ ಮುಖ ನೋಡುತ್ತಲೇ ಓಡಿಸಿದೆ.

ಒದ್ದೆ ಸೀರೆಯಲ್ಲಿ ಇಳಿದ ನನ್ನನ್ನು ನೋಡಿ ಡಾಬಕಾದ ಹೆಂಗಸರೆಲ್ಲ ಮುತ್ತಿದರು. ಏನಾಯ್ತು, ಏನಾಯ್ತು? ಅಕ್ಕ ಎಲ್ಲರನ್ನೂ ಒಮ್ಮೆ ನೋಡಿದರು, ನನ್ನನ್ನೂ ನೋಡಿದರು. "ಗಾಡಿಗಿ ಬೆಂಕಿ ಹತ್ತಿತ್ತು" ಎಂದರು. "ಇಕಿ ಅಂಜಲಿಲ್ಲ, ನಮಗ್ಯಾರಿಗೂ ಏನೂ ಆಗಬಾರದು ಅಂತ ಜನದಾಗ ನಿಂದರಸದೇ ದೂರ ಒಯ್ದಳು. ನಾ ನೀರು ತಂದು ಆರಿಸಿದೆ." ಹೀಗೆ ಹೇಳಿ ಕೂಸನ್ನು ಎತ್ತಿಕೊಂಡು, ಕುಂಚಿಗೆ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಿದರು. ನಾನು ಇನ್ಯಾರದೋ ಒಣ ಸೀರೆ ಉಟ್ಟುಕೊಂಡು, ಇಡೀ ಮಧ್ಯಾಹ್ನ ಧೈರ್ಯವಂತೆಯಾಗಿ ಕುಳಿತು ಹುಗ್ಗಿ ಉಂಡೆ.

ಆದರೆ ನನ್ನ ಶಾಲೆ ಅಲ್ಲೇ ಇತ್ತು, ಚಿದ್ರಿಯೂ ಅಲ್ಲೇ. ದೀಪ ಮತ್ತೆ ಹತ್ತಿತು. ಆಗಾಗ ದೂರ ಹೋಗಿ ಬರುತ್ತಿರಿ ಎಂದ ಖಾಜಾಭಾಯಿ. ಸುಮ್ಮನೆ ಡೀಸೆಲ್ ಸುಡುವ ಬದಲು ಭಾಲ್ಕಿಗೆ ಹೋದರೆ ಅಕ್ಕನನ್ನು ಕಂಡಂತಾಯಿತು ಅಂತ ಭಾನುವಾರಗಳಂದು ಆ ದಾರಿ ಹಿಡಿದೆ. ಅಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದರು, ಪುಂಡಿಪಲ್ಯ, ಶೇಂಗಾ ಹಿಂಡಿ ಇಡುತ್ತಿದ್ದರು. ನಮ್ಮ ತಮ್ಮನ ಹೆಂಡತಿ ಎಷ್ಟು ಜೀವ ಮಾಡುತ್ತಾಳೆ ನೋಡಿ ಅಂತ ಓಣಿಯವರಿಗೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಫಿಲ್ಟರಿನ ಮಾತು ತೆಗೆಯುತ್ತಿರಲಿಲ್ಲ. ನಾನು ಬರುವುದು ಅದಕ್ಕೇ ಅಂತ ಅವರಿಗೆ ತಿಳಿಯದು ಅಂತಲೇ ಇದ್ದೆ.

ಹೋದ ಭಾನುವಾರ ನಮ್ಮನೆಯವರು ಬರಲಿಲ್ಲ, ಒಬ್ಬಳೇ ಹೋದೆ. ಅಕ್ಕ ತಾಟು ಮುಂದಿಡುತ್ತ, ನನ್ನ ಮುಖ ನೋಡದೆ ಕೇಳಿದರು. "ಈ ಸಲ ದೀಪ ಹತ್ತಿತ್ತೇನ?"

ದೀಪದ ಮಾತು ನಮ್ಮನೆಯವರೇ ಎಂದೋ ಹೇಳಿಬಿಟ್ಟಿರಬೇಕು. ಹತ್ತಿರಲಿಲ್ಲ. ಯೋಚಿಸಿ ನೋಡಿದರೆ, ಅದಕ್ಕೂ ಹಿಂದಿನ ಭಾನುವಾರವೂ ಹತ್ತಿರಲಿಲ್ಲ.

"ಇಲ್ರಿ ಅಕ್ಕಾರ" ಎಂದೆ.

"ಮತ್ತ ಯಾಕ ಬಂದಿ?"

ಇಷ್ಟು ವರ್ಷ ಮಕ್ಕಳಿಗೆ ಕಾರಣ, ಪರಿಣಾಮ ಅಂತ ಕಲಿಸಿದವಳು ನಾನು. "ಹಸಿವಿ ಆಗಿತ್ತರಿ" ಎಂದೆ. ಅವರು ಇನ್ನೊಂದು ರೊಟ್ಟಿ ಹಾಕಿದರು.